ಮೆಮೊರಿ ಹಾಕಿಸಿ ಎನ್ನುವ ಮೊದಲು ಕಂಪ್ಯೂಟರ್ ಪರೀಕ್ಷಿಸಿ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಪರೀಕ್ಷೆ ಮಾಡದೆ ರ‍್ಯಾಮ್ ಕೊಳ್ಳಲು ಹೇಳಿದ್ದು ಮತ್ತು ಕೇಳಿದ ಮಾಹಿತಿ ಕೊಡದಿರುವುದರ ಬಗ್ಗೆ ದೂರು

ಮಾನ್ಯರೇ,

ನಿಮ್ಮ ಕಂಪನಿಯ ಡೆಸ್ಕ್‌ಟಾಪ್ ಕಂಪ್ಯೂಟರ್ ನಮ್ಮ ಮನೆಯಲ್ಲಿದೆ. 8 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ), 1 ಟಿಬಿ ಹಾರ್ಡ್ ಡಿಸ್ಕ್ (ಫೈಲುಗಳು ಉಳಿಯುವ ಜಾಗ). ವಾರಂಟಿ ಇನ್ನೂ ಮುಗಿದಿಲ್ಲ. ಇತ್ತೀಚೆಗೆ ಅದು ವಿಪರೀತ ನಿಧಾನವಾಗಿದೆ. ಆನ್ ಮಾಡಿ ಬ್ರೌಸರ್ ತೆರೆಯುವಷ್ಟರಲ್ಲಿ ಐದಾರು ನಿಮಿಷ ಕಳೆದಿರುತ್ತದೆ. ಸಹಾಯವಾಣಿಗೆ ಫೋನ್ ಮಾಡಿದರೆ, ನಾನು ಹೇಳಿ ಮುಗಿಸುವ ಮೊದಲೇ ಉತ್ತರ ಸಿಕ್ಕಿತು: “ಇನ್ನೊಂದು 8 ಜಿಬಿ ಹಾಕಿಸಿ, ಸರಿಹೋಗುತ್ತೆ.” ಯಾವಾಗ ನಿಧಾನ, ಯಾವ ಕೆಲಸ ಮಾಡುವಾಗ ನಿಧಾನ, ಮೆಮೊರಿ ಎಷ್ಟು ಬಳಕೆಯಾಗುತ್ತಿದೆ, ಯಾವುದನ್ನೂ ಕೇಳಲಿಲ್ಲ. ಆಮೇಲೆ ಮಾತಾಡಿದವರದ್ದೂ ಅದೇ ಮಾತು.

ದುಡ್ಡು ಹಾಕುವ ಮೊದಲು ನಾನೇ, ಯಾವ ಭಾಗ ಎಷ್ಟು ಬಳಕೆಯಾಗುತ್ತಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಕಂಪ್ಯೂಟರ್ ತೆವಳುತ್ತಿದ್ದ ಹೊತ್ತಿನಲ್ಲೇ 8 ಜಿಬಿಯಲ್ಲಿ ಬಳಕೆಯಾಗಿದ್ದು 4.3 ಜಿಬಿ ಮಾತ್ರ. ಅರ್ಧದಷ್ಟು ಖಾಲಿ. ಆದರೆ ಡಿಸ್ಕ್‌ನ ಕೆಲಸದ ಹೊರೆ ಶೇ. 100ರಲ್ಲಿ ನಿಂತಿತ್ತು, ಇಳಿಯುತ್ತಲೇ ಇರಲಿಲ್ಲ. ಓದಿ ಬರೆಯುತ್ತಿದ್ದ ಮಾಹಿತಿ ಸೆಕೆಂಡಿಗೆ 1 ಎಂಬಿಯೂ ಇಲ್ಲ. ಅದರ ಪ್ರತಿಕ್ರಿಯೆ ಸಮಯ ಎಷ್ಟೋ ಸಲ 1000 ಮಿಲಿಸೆಕೆಂಡ್ ದಾಟಿತು. ಆರೋಗ್ಯವಾಗಿರುವ ಹಾರ್ಡ್ ಡಿಸ್ಕ್‌ಗೆ ಸಾಮಾನ್ಯ ಕೆಲಸದಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡ್ ಸಾಕು. ಜೊತೆಗೆ ಡಬ್ಬದೊಳಗಿಂದ ಆಗಾಗ ಟಕ್ ಟಕ್ ಸದ್ದು ಬೇರೆ.

ರ‍್ಯಾಮ್ ಸಾಲದಿದ್ದಾಗಲೂ ಡಿಸ್ಕ್ ಹೀಗೆ ಒದ್ದಾಡುತ್ತದೆ, ಒಪ್ಪುತ್ತೇನೆ. ಜಾಗ ಸಾಲದೆ ವಿಂಡೋಸ್ ಕೆಲವು ಮಾಹಿತಿಯನ್ನು ಡಿಸ್ಕ್‌ನಲ್ಲಿರುವ ಪೇಜ್ ಫೈಲ್‌ಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಆದರೆ ರ‍್ಯಾಮ್ ಅರ್ಧ ಖಾಲಿ ಇರುವಾಗ ಆ ಕಾರಣ ಹೇಳಿದರೆ ನಂಬುವುದು ಹೇಗೆ? ಇಲ್ಲಿ ಕಾಯಿಲೆ ಇರುವುದು ಡಿಸ್ಕ್‌ಗೆ ಅಂತ ನನ್ನ ಅನುಮಾನ. ಹಲ್ಲುನೋವು ಅಂತ ಹೋದವರಿಗೆ ಕಣ್ಣಿಗೆ ಔಷಧಿ ಬಿಟ್ಟು ಕಳಿಸಿದ ಹಾಗಾಯಿತು ನಿಮ್ಮ ಸಲಹೆ.

ನಮಗೆ ಮೆಮೊರಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಗಳು ವಿಡಿಯೊ ಎಡಿಟ್ ಮಾಡಲು ಕೂತಾಗ ಬಳಕೆ 7.6 ಜಿಬಿವರೆಗೂ ಏರುತ್ತದೆ. ಆ ಕೆಲಸಕ್ಕೆ 16 ಜಿಬಿ ಇದ್ದರೆ ಖಂಡಿತ ಒಳ್ಳೆಯದು. ಈಗ ಒಂದೇ ಮೆಮೊರಿ ಸ್ಟಿಕ್ ಇದೆ. ಅದೇ ಥರದ ಇನ್ನೊಂದು ಹಾಕಿದರೆ ಎರಡೂ ಏಕಕಾಲಕ್ಕೆ ಮಾಹಿತಿ ಸಾಗಿಸುವ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಚಿತ್ರ ತೋರಿಸಲೂ ಇದೇ ಮೆಮೊರಿ ಬಳಸುವ ನಮ್ಮದರಂಥ ಕಂಪ್ಯೂಟರಿಗೆ ಅದರಿಂದಲೂ ಲಾಭ ಇದೆ. ಹಾಗಾಗಿಯೇ ನಿಮ್ಮನ್ನು ಕೇಳಿದ್ದು. ಈ ಮಾಡೆಲ್‌ಗೆ ಗರಿಷ್ಠ ಎಷ್ಟು ರ‍್ಯಾಮ್ ಹಾಕಬಹುದು? ಮುಚ್ಚಳ ತೆಗೆದು ನಾನೇ ಹಾಕಿಕೊಂಡರೆ ವಾರಂಟಿ ಹೋಗುತ್ತದಾ?

ಇಷ್ಟು ಸರಳ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಕೈಪಿಡಿಯಲ್ಲಿ 16 ಜಿಬಿ ಎಂದಿದೆ. ಫೋನಿನಲ್ಲಿ ಮಾತಾಡಿದವರು 32 ಎಂದರು. ಇದು ಸಣ್ಣ ವ್ಯತ್ಯಾಸ ಅಲ್ಲ. ಸ್ಟಿಕ್ ಕೂರಿಸಲು ಇರುವುದು ಎರಡೇ ಸ್ಲಾಟ್. 32 ಜಿಬಿವರೆಗೆ ಹೋಗಬಹುದು ಎಂದಾದರೆ ನಾನು ಈಗ 16ರ ಒಂದು ಸ್ಟಿಕ್ ತಗೊಂಡು, ಮುಂದೆ ಬೇಕಾದಾಗ ಈಗಿರುವ 8ರದ್ದನ್ನು ತೆಗೆದು ಇನ್ನೊಂದು 16ರದ್ದು ಹಾಕಬಹುದು. ಇವತ್ತು 8ರದ್ದು ತಗೊಂಡರೆ ನಾಳೆ ಅದನ್ನೂ ಸುಮ್ನೆ ತೆಗೆದಿಡಬೇಕಾಗುತ್ತದೆ. ವಾರಂಟಿಯ ಪ್ರಶ್ನೆಗಂತೂ ಯಾರೂ ನೇರ ಉತ್ತರ ಕೊಡಲಿಲ್ಲ.

ಇದಕ್ಕಿಂತ ಬೇಸರವಾಗಿದ್ದು ನೀವು ಕಳಿಸಿದ ಕೊಟೇಶನ್ ನೋಡಿ. ನನ್ನ ಕಂಪ್ಯೂಟರಿನಲ್ಲಿರುವುದು ಡಿಡಿಆರ್4 ತಲೆಮಾರಿನ ಮೆಮೊರಿ, 2666ರ ವೇಗದ್ದು. ಕೊಟೇಶನ್‌ನಲ್ಲಿ ಬರೆದಿರುವುದು ಅದರ ನಂತರದ ತಲೆಮಾರಿನ ಡಿಡಿಆರ್5. ಡೆಸ್ಕ್‌ಟಾಪಿಗೆ ಬರುವ ಇವೆರಡರಲ್ಲೂ 288 ಪಿನ್ ಇವೆ ನಿಜ, ಆದರೆ ಅಂಚಿನ ಸಣ್ಣ ಕಚ್ಚು ಇರುವ ಜಾಗ ಬೇರೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದೇ ಇಲ್ಲ. ಗೊತ್ತಿಲ್ಲದವರು ಒತ್ತಿ ಕೂರಿಸಲು ಹೋದರೆ ಸ್ಲಾಟೇ ಹಾಳಾಗಬಹುದು. ಸೀರಿಯಲ್ ನಂಬರ್ ನಿಮ್ಮ ಹತ್ತಿರವೇ ಇತ್ತು. ಅದನ್ನು ಹಾಕಿ ನೋಡಿದ್ದರೆ ಯಾವ ರ‍್ಯಾಮ್ ಅಂತ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು, ಅಲ್ವಾ? ಕಂಪ್ಯೂಟರ್ ಮಾಡಿದವರೇ ಹೀಗೆ ಮಾಡಿದರೆ ಗ್ರಾಹಕರು ಇನ್ಯಾರನ್ನು ನಂಬಬೇಕು?

ಆದ್ದರಿಂದ ಮೊದಲು ಹಾರ್ಡ್ ಡಿಸ್ಕ್ ಪರೀಕ್ಷೆ ಮಾಡಿಸಿ. ಅದು ಕೆಟ್ಟಿದ್ದರೆ ವಾರಂಟಿಯಲ್ಲಿ ಬದಲಿಸಿಕೊಡಿ. ವ್ಯತ್ಯಾಸದ ಹಣ ತಗೊಂಡು ಅದರ ಬದಲು ಹಾರ್ಡ್ ಡಿಸ್ಕ್‌ಗಿಂತ ವೇಗವಾದ ಎಸ್ಎಸ್‌ಡಿ ಹಾಕಿಕೊಡಲು ಸಾಧ್ಯವಿದ್ದರೆ ಅದನ್ನೂ ತಿಳಿಸಿ, ಆ ಹಣ ಕೊಡಲು ನಾನು ಸಿದ್ಧ. ಬೇಕಾದ ಫೈಲುಗಳನ್ನೆಲ್ಲ ಆಗಲೇ ಬೇರೆ ಕಡೆ ಕಾಪಿ ಮಾಡಿಟ್ಟಿದ್ದೇನೆ. ಗರಿಷ್ಠ ರ‍್ಯಾಮ್ ಮತ್ತು ವಾರಂಟಿಯ ಬಗ್ಗೆ ಉತ್ತರವನ್ನು ಬರಹದಲ್ಲೇ ಕೊಡಿ, ಫೋನಿನಲ್ಲಿ ಬೇಡ. ತಪ್ಪು ಕೊಟೇಶನ್ ರದ್ದು ಮಾಡಿ. ನಿಧಾನ ಎಂದು ಯಾರೇ ಫೋನ್ ಮಾಡಿದರೂ ಮೆಮೊರಿ, ಡಿಸ್ಕ್ ಎರಡರ ಬಳಕೆಯನ್ನೂ ಕೇಳಿ ತಿಳಿದುಕೊಂಡೇ ಸಲಹೆ ಕೊಡುವಂತೆ ನಿಮ್ಮ ಸಿಬ್ಬಂದಿಗೆ ಹೇಳಿ. ನನ್ನಷ್ಟು ಹುಡುಕಾಡದೆ, ನಿಮ್ಮ ಮಾತು ನಂಬಿ ರ‍್ಯಾಮ್ ಕೊಂಡವರೂ ಇರಬಹುದು. ಅವರ ಕಂಪ್ಯೂಟರ್ ಇನ್ನೂ ನಿಧಾನವಾಗಿಯೇ ಓಡುತ್ತಿರುತ್ತದೆ.

ಟಾಸ್ಕ್ ಮ್ಯಾನೇಜರಿನ ಚಿತ್ರಗಳು ಮತ್ತು ಕೊಟೇಶನ್‌ನ ಪ್ರತಿಯನ್ನು ಇದರ ಜೊತೆ ಕಳಿಸಿದ್ದೇನೆ. ಡಿಸ್ಕ್ ಪರೀಕ್ಷೆಗೆ ಯಾವ ದಿನ ಬರುತ್ತೀರಿ ಎಂದು ಬೇಗ ತಿಳಿಸಿ. ಅದರ ಫಲಿತಾಂಶ ಕೈಗೆ ಬರುವವರೆಗೆ ನಾನು ರ‍್ಯಾಮ್ ಕೊಳ್ಳುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ