ನಿಮ್ಮಪ್ಪನ ಕೈಗೆ ಕಟ್ಟಿದ ದಾರ

ಮಂಡ್ಯ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನೀನು ಬೆಂಗಳೂರಿಗೆ ವಾಪಸ್ಸು ಹೋಗಿ ಎಂಟು ದಿನವಾಯಿತು. ಅಪ್ಪನ ಮಾತ್ರೆ, ಅಪ್ಪನ ಬಿಪಿ, ಅಪ್ಪ ಇವತ್ತು ಎಷ್ಟು ದೂರ ನಡೆದರು, ಫೋನಿನಲ್ಲಿ ಇಷ್ಟೇ ಮಾತು. ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ಅಂದಿದ್ದನ್ನು ನೀನೂ ಎತ್ತುತ್ತಿಲ್ಲ, ನಾನೂ ಎತ್ತುತ್ತಿಲ್ಲ. ಫೋನಿನಲ್ಲಿ ಶುರುಮಾಡಿದರೆ ಇಬ್ಬರಲ್ಲೊಬ್ಬರು ಅಳುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

“ಅಪ್ಪ ನಿದ್ದೆಯಲ್ಲಿದ್ದಾಗ ಕೈಗೆ ದಾರ ಕಟ್ಟಿದ್ದೀಯ. ನಿನ್ನ ಭಯ ಕಳೆದುಕೊಳ್ಳೋಕೆ ಅವರ ಕೈ ಬೇಕಾಯ್ತಾ ಅಮ್ಮಾ? ಇದನ್ನೇನಾ ನೀನು ನೆಮ್ಮದಿ ಅನ್ನೋದು?” ಅಂದೆ.

ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಪ್ಪನ ಹೃದಯದ ಬೈಪಾಸ್ ಆದ ಮೂರನೆಯ ದಿನ ನಿನ್ನನ್ನು ವಾರ್ಡಿನಲ್ಲಿ ಕೂರಿಸಿ ನಾನು ಗಂಜಾಮಿಗೆ ಹೋಗಿದ್ದು ನಿನಗೆ ಗೊತ್ತು. ನಿಮಿಷಾಂಬನ ಗುಡಿಯಲ್ಲಿ ಕೈಮುಗಿದು, ಕಾವೇರಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಅರ್ಚಕರು ಕೊಟ್ಟ ಕೆಂಪು ದಾರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮೈಸೂರಿಗೆ ಬಂದೆ. ನೀನು ಕಾಫಿಗೆ ಕೆಳಗೆ ಹೋಗಿದ್ದಾಗ ಕಟ್ಟಿದೆ. ತಾವು ದೇವರನ್ನು ನಂಬದಿದ್ದರೂ 36 ವರ್ಷದಲ್ಲಿ ಒಂದು ದಿನವೂ ನನ್ನ ದೀಪ ಬೇಡ ಎನ್ನದ ಮನುಷ್ಯನಿಗೆ, ಅವರು ಬೇಡ ಎನ್ನಲಾಗದ ಹೊತ್ತು ನೋಡಿ ಕಟ್ಟಿದೆ. ಅದು ತಪ್ಪು. ನಿನ್ನ ಹತ್ತಿರ ಒಪ್ಪಿಕೊಳ್ಳುವ ಮೊದಲು ಅವರ ಹತ್ತಿರ ಒಪ್ಪಿಕೊಂಡಿದ್ದೇನೆ.

ಎರಡನೆಯದು, ನನ್ನ ನೆಮ್ಮದಿ ಎನ್ನುವುದು ಬರೀ ಭಯ ಎಂಬ ಮಾತು. ಅದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಹೇಳಲು ಬರುವುದಿಲ್ಲ.

ನಮ್ಮ ಮದುವೆ ಹೇಗಾಯಿತು ಅಂತ ನಿನಗೆ ಎಷ್ಟೋ ಸಲ ಹೇಳಿದ್ದೇನೆ. 1989. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯ. ಪುರೋಹಿತರಿಲ್ಲ, ಓಲಗವಿಲ್ಲ, ಲಗ್ನ ನೋಡಿದ್ದಿಲ್ಲ. ಪ್ರತಿಜ್ಞೆ ಓದಿದೆವು, ಹಾರ ಹಾಕಿಕೊಂಡೆವು, ಬಂದವರಿಗೆ ಪಾಯಸದ ಊಟ. ಮಾರನೆಯ ದಿನ ನನ್ನ ತಾಯಿ ನನ್ನೊಬ್ಬಳನ್ನೇ ಕರೆದುಕೊಂಡು ಹೋಗಿ ಚಾಮುಂಡಿಬೆಟ್ಟದಲ್ಲಿ ಅರ್ಚನೆ ಮಾಡಿಸಿದರು. ಅಪ್ಪ ಬೆಟ್ಟದ ಬುಡದವರೆಗೂ ಬಂದು, ನಾವು ಇಳಿಯುವ ತನಕ ಕಾದಿದ್ದರು. ನನಗೆ ಆಗ ಅವರ ಮೇಲೆ ಕರುಣೆ ಬಂತು ಪುಟ್ಟಿ. ಸಿಟ್ಟಲ್ಲ, ಕರುಣೆ. ಇಷ್ಟು ಒಳ್ಳೆಯವರು, ಪಾಪ, ಇವರಿಗೆ ಕಷ್ಟ ಬಂದಾಗ ಕೂಗಿಕೊಳ್ಳಲು ಯಾರಿದ್ದಾರೆ ಅಂತ.

ಆ ಕರುಣೆಯನ್ನು ನಾನು ಮೂವತ್ತು ವರ್ಷ ಸಾಕಿದೆ. ನಿನ್ನಜ್ಜಿ ಬಾಯಿಬಿಟ್ಟು ಹೇಳುತ್ತಿದ್ದರು, “ದೇವ್ರ ಕೈ ಬಿಟ್ಟವ್ನಿಗೆ ರಾತ್ರಿ ನಿದ್ದೆ ಹೆಂಗವ್ವ ಬತ್ತದೆ?” ಅಂತ. ನಾನು ಹೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅಪ್ಪ ಸ್ಕೂಲಿನಿಂದ ಸುಸ್ತಾಗಿ ಬಂದು ಸುಮ್ಮನೆ ಕೂತರೆ, ಅದು ಒಳಗಿನ ಖಾಲಿತನ ಅಂದುಕೊಳ್ಳುತ್ತಿದ್ದೆ. ನಾನು ಕಾಲೇಜಿನಿಂದ ಅದೇ ಥರ ಸುಸ್ತಾಗಿ ಬಂದು ಕೂತರೆ ಅದು ಬರೀ ಸುಸ್ತು. ಅವರು ನಕ್ಕಾಗ ಮೇಲುಮೇಲಿನ ನಗು ಇರಬೇಕು ಅನಿಸುತ್ತಿತ್ತು. ಒಳ್ಳೆಯ ನಿದ್ದೆ ಮಾಡಿದರೆ, ಯೋಚನೆಗಳಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು. ಸಂಖ್ಯಾಶಾಸ್ತ್ರ ಪಾಠ ಮಾಡಿದವಳು ನಾನು. ಏನು ಕಂಡರೂ ಒಂದೇ ತೀರ್ಮಾನಕ್ಕೆ ಸಾಕ್ಷಿಯಾಗುತ್ತಿದ್ದರೆ ಆ ತೀರ್ಮಾನ ನೋಡಿ ಬಂದದ್ದಲ್ಲ, ನೋಡುವ ಮೊದಲೇ ಆಗಿದ್ದದ್ದು ಅಂತ ನನಗೆ ಹೊಳೆಯಬೇಕಿತ್ತು.

ಹೊಳೆದದ್ದು ತಡವಾಗಿ, 2020ರ ಡಿಸೆಂಬರ್ 21ರಂದು. ಗುರು ಮತ್ತು ಶನಿ ಒಂದರ ಪಕ್ಕ ಒಂದು ಬಂದ ಸಂಜೆ. ನೀನೂ ಮನೆಯಲ್ಲೇ ಇದ್ದೆ, ಲಾಕ್‌ಡೌನಿಗೆ ಅಂತ ಬಂದವಳು ಲ್ಯಾಪ್‌ಟಾಪ್ ಹಿಡಿದು ಕೆಳಗೆ ಮೀಟಿಂಗಿನಲ್ಲಿದ್ದೆ. ಅಪ್ಪ ಮಕ್ಕಳಿಗೆ ತೋರಿಸುವುದಕ್ಕೆಂದು ಕೊಂಡಿದ್ದ ಪುಟ್ಟ ದೂರದರ್ಶಕವನ್ನು ತಾರಸಿಗೆ ಒಯ್ದು, ಸೂರ್ಯ ಮುಳುಗುವುದನ್ನೇ ಕಾಯುತ್ತಿದ್ದರು. ನೈಋತ್ಯದ ಅಂಚಿನಲ್ಲಿ, ತೆಂಗಿನ ಮರಗಳ ಸ್ವಲ್ಪ ಮೇಲೆ, ಎರಡೂ ಸೇರಿ ಒಂದೇ ಚುಕ್ಕಿಯಂತೆ ಕಂಡವು. 1623ರ ನಂತರ ಇಷ್ಟು ಹತ್ತಿರ ಬಂದಿರಲಿಲ್ಲ, ಆಗ ಗೆಲಿಲಿಯೋ ಇನ್ನೂ ಬದುಕಿದ್ದ ಅಂದರು. ನಮಗೆ ಅಂಟಿಕೊಂಡಂತೆ ಕಂಡರೂ ಅವುಗಳ ನಡುವೆ 70 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರ ಅಂದರು. ಕಣ್ಣಿಟ್ಟು ನೋಡಿದೆ. ಶನಿಯ ಉಂಗುರ, ಗುರುವಿನ ಚಂದ್ರರು, ಎಲ್ಲ ಒಂದೇ ಬಿಲ್ಲೆಯೊಳಗೆ.

ಆಮೇಲೆ ಅವರ ಮುಖ ನೋಡಿದೆ. ಕಣ್ಣು ತುಂಬಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಗರ್ಭಗುಡಿಯ ಕತ್ತಲಲ್ಲಿ ಮಂಗಳಾರತಿ ಎತ್ತಿದಾಗ ಪಕ್ಕದಲ್ಲಿ ನಿಂತವರ ಮುಖ ಹಾಗಿರುತ್ತದೆ. ಅಲ್ಲಿ ಖಾಲಿ ಜಾಗ ಎಲ್ಲೂ ಇರಲಿಲ್ಲ.

ನಾನು ಸುಮ್ಮನಿದ್ದರೆ ಚೆನ್ನಾಗಿತ್ತು. “ಈಗಲಾದರೂ ಅನಿಸುತ್ತಾ, ಅವನೊಬ್ಬ ಇದ್ದಾನೆ ಅಂತ?” ಅಂದುಬಿಟ್ಟೆ. ಅವರು ನನ್ನತ್ತ ತಿರುಗಿದರು. ಮುಖದ ಬೆಳಕು ಹೋಗಿತ್ತು. “ಇದನ್ನ ನನಗೇ ಬಿಡಬಾರದಾ?” ಅಂದು ದೂರದರ್ಶಕದ ಕಾಲು ಮಡಚತೊಡಗಿದರು.

ಆ ರಾತ್ರಿ ನಿದ್ದೆ ಬಾರದೆ ಹೊರಳಾಡಿದವಳು ನಾನು. ದೇವರನ್ನು ಕಳೆದರೆ ನಾನು ಏನಾಗುತ್ತೇನೋ, ಎಂಥ ಅನಾಥೆಯಾಗುತ್ತೇನೋ, ಅದನ್ನು ತಂದು ಇಷ್ಟು ವರ್ಷ ಅವರ ಮೇಲೆ ಹೊದಿಸಿದ್ದೆ. ಆ ಅನಾಥೆ ನನ್ನ ಕಲ್ಪನೆಯ ನಾನು, ಅವರಲ್ಲ. ಅವರಿಂದ ಯಾರೂ ಏನನ್ನೂ ಕಳೆದಿರಲಿಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನಾನು ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋಗಿ ಬಂದು ಖುಷಿಯಿಂದ ಹೇಳುತ್ತಿದ್ದಾಗ ನೀನು, “ಅದು ಡೋಪಮೈನ್ ಅಮ್ಮಾ, ಅಷ್ಟು ಜನ ಒಟ್ಟಿಗೆ ಕೂಗಿದರೆ ಹಾಗೇ ಆಗುತ್ತೆ” ಅಂದೆ. ಇರಬಹುದು. ಅಪ್ಪ ಶನಿಯ ಉಂಗುರ ನೋಡಿದಾಗಲೂ ಮಿದುಳಿನಲ್ಲಿ ಏನೋ ಆಗಿರುತ್ತದೆ. ಅದನ್ನು ನೀನು ಆ ಹೆಸರಿನಿಂದ ಕರೆಯುವುದಿಲ್ಲ.

ವೈರಮುಡಿಯ ದಿನ ಬೆಳಿಗ್ಗೆ ಇಲ್ಲೇ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಕಿರೀಟದ ಪೆಟ್ಟಿಗೆ ಹೊರಡುತ್ತದಲ್ಲ, ರಸ್ತೆ ಬದಿಯಲ್ಲಿ ನಿಂತು ಅದಕ್ಕೂ ಕೈಮುಗಿದೆ. ರಾತ್ರಿ ಮೇಲುಕೋಟೆಯಲ್ಲಿ ಕಾಲು ಸೋತು ಬೀಳುವ ಹಾಗಿತ್ತು. ಚೆಲುವನಾರಾಯಣನ ಉತ್ಸವ ಹೊರಬಂತು. ನಾನು ಏನೂ ಕೇಳಲಿಲ್ಲ ಪುಟ್ಟಿ. ನಿನ್ನ ಕೆಲಸ, ಅಪ್ಪನ ಆರೋಗ್ಯ, ನನ್ನ ಮಂಡಿನೋವು, ಒಂದೂ ನೆನಪಿಗೆ ಬರಲಿಲ್ಲ. ಯಾರೋ ಮುದುಕಿ ನನ್ನ ಭುಜ ಹಿಡಿದು ತುದಿಗಾಲಲ್ಲಿ ನಿಂತಿದ್ದಳು, ಅವಳ ಭಾರ ಕೂಡ ಹಿತವಾಗಿತ್ತು. ಅಲ್ಲಿ ಭಯ ಎಲ್ಲಿತ್ತು, ಹೇಳು? ಆಸ್ಪತ್ರೆಯಲ್ಲಿ ಇತ್ತು, ಒಪ್ಪುತ್ತೇನೆ. ಆ ದಾರದ ತುಂಬ ಭಯವೇ ಇತ್ತು. ಆದರೆ ನೀನು ದಾರವನ್ನು ನೋಡಿ ವೈರಮುಡಿಯನ್ನೂ ಅಳೆಯುತ್ತಿದ್ದೀಯ. ಕೈಮುಗಿಯಬೇಕಾಗಿ ಬಂದರೆ ನಿನಗೆ ಎಷ್ಟು ಅವಮಾನವಾದೀತೋ ಅದನ್ನು ನನ್ನ ಮುಗಿದ ಕೈಗಳಲ್ಲಿ ಕಾಣುತ್ತಿದ್ದೀಯ.

ಇದು ನಮ್ಮ ಮನೆಯ ಕಾಯಿಲೆ ಮಾತ್ರವಲ್ಲ. ನಾಸ್ತಿಕರ ಸುಖವೆಂದರೆ ಸಾಲ ಮಾಡಿ ತುಪ್ಪ ತಿನ್ನುವುದು ಅಂತ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಹಳೆಯ ಕಾಲದ ನಾಸ್ತಿಕ ಪಂಥದವರಾದ ಚಾರ್ವಾಕರ ಹೆಸರಿಗೆ ಅಂಟಿದ ಮಾತು ಅದು. ಆದರೆ ಅವರ ಸ್ವಂತ ಗ್ರಂಥಗಳು ಉಳಿದೇ ಇಲ್ಲ. ಆ ತುಪ್ಪದ ಮಾತು ನಮಗೆ ಬಂದಿರುವುದು 14ನೇ ಶತಮಾನದಲ್ಲಿ, ಅವರ ಮತವನ್ನು ತಳ್ಳಿಹಾಕುತ್ತಾ ಬರೆದ ಪಂಡಿತರ ಕೈಯಿಂದ. ಅವರು ನಿಜವಾಗಿ ಯಾವುದರಲ್ಲಿ ಸುಖ ಕಂಡರೋ ಕೇಳಲು ಈಗ ದಾರಿಯಿಲ್ಲ. ಆ ಕಡೆಯಿಂದ ನೋಡಿದರೆ ಮಾರ್ಕ್ಸ್. ಧರ್ಮ ಜನರ ಅಫೀಮು ಅಂತ 1844ರಲ್ಲಿ ಬರೆದದ್ದನ್ನು ನಿನ್ನ ಗೆಳೆಯರೆಲ್ಲ ಹೇಳುತ್ತಾರೆ. ಅದರ ಹಿಂದಿನ ಸಾಲಿನಲ್ಲೇ ಆತ ಧರ್ಮವನ್ನು ನೊಂದ ಜೀವದ ನಿಟ್ಟುಸಿರು, ಹೃದಯವಿಲ್ಲದ ಲೋಕದ ಹೃದಯ ಎಂದೂ ಕರೆದಿದ್ದ. ಅದನ್ನು ನನಗೆ ತೋರಿಸಿಕೊಟ್ಟವರು ಅಪ್ಪ. ದೇವರಿಲ್ಲ ಎನ್ನುವ ಮನುಷ್ಯ ಹೆಂಡತಿಗೆ ಅನ್ಯಾಯವಾಗಬಾರದು ಅಂತ ಆ ಸಾಲು ಹುಡುಕಿ ಗುರುತು ಹಾಕಿ ಕೊಟ್ಟಿದ್ದರು.

ಅಮೆರಿಕದ ತತ್ವಶಾಸ್ತ್ರಜ್ಞ ಜೋಶುವಾ ನೋಬ್ ಮತ್ತು ಜೊತೆಯವರು ಮಾಡಿದ ಪ್ರಯೋಗಗಳ ಬಗ್ಗೆ ಓದಿದೆ. ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿರುವ ಭಾವನೆ ಅದೇ, ಆದರೆ ಅವನ ಬದುಕು ಕೆಟ್ಟದ್ದು ಅನಿಸಿದರೆ ಜನ ಅವನನ್ನು ‘ಸುಖಿ’ ಎನ್ನಲು ಹಿಂದೆಗೆಯುತ್ತಾರಂತೆ. ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನಾನು ಅಪ್ಪನಿಗೆ ಮಾಡಿದ್ದು ಅದೇ.

ನಿನ್ನ ಚಿಕ್ಕಮ್ಮ ವಾಟ್ಸಾಪಿನಲ್ಲಿ ಕಳಿಸಿದ್ದಳಲ್ಲ, ದೈವಭಕ್ತರೇ ಹೆಚ್ಚು ಸುಖಿಗಳು ಅಂತ ವಿಜ್ಞಾನ ಸಾಬೀತು ಮಾಡಿದೆ ಎಂದು? ಹುಡುಕಿ ನೋಡಿದೆ. ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಹೊರತಂದ ವರದಿಯಲ್ಲಿ ಅಮೆರಿಕದ ಅಂಕಿ ಇದೆ. ತಿಂಗಳಿಗೊಮ್ಮೆಯಾದರೂ ಪ್ರಾರ್ಥನೆಗೆ ಹೋಗುವವರಲ್ಲಿ ‘ತುಂಬಾ ಸಂತೋಷವಾಗಿದ್ದೇನೆ’ ಎಂದವರು ಶೇ. 36. ಯಾವ ಧರ್ಮಕ್ಕೂ ಸೇರದವರಲ್ಲಿ ಶೇ. 25. ಚಿಕ್ಕಮ್ಮನಿಗೆ ಬೇಕಾದದ್ದು ಇಷ್ಟು. ಆದರೆ ಧರ್ಮದ ಹೆಸರಿಟ್ಟುಕೊಂಡು, ಹೋಗದೆ ಮನೆಯಲ್ಲಿರುವವರಲ್ಲೂ ಅದು ಶೇ. 25ರಷ್ಟೇ. ಎಷ್ಟೋ ದೇಶಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಇನ್ನು ಗಟ್ಟಿಮುಟ್ಟಾಗಿರುವವರೇ ಎದ್ದು ಹೊರಗೆ ಹೋಗುವವರೂ ಆಗಿರಬಹುದು, ಕಾರಣ ಯಾವುದು ಪರಿಣಾಮ ಯಾವುದು ಎಂಬ ಪ್ರಶ್ನೆ ಹಾಗೇ ನಿಂತಿರುತ್ತದೆ. 2010ರಲ್ಲಿ ಲಿಮ್ ಮತ್ತು ಪುಟ್ನಮ್ ಎಂಬಿಬ್ಬರು ಸಂಶೋಧಕರು ಇನ್ನೂ ಒಳಹೊಕ್ಕು ನೋಡಿದ್ದಾರೆ. ಪ್ರಾರ್ಥನೆಗೆ ಹೋಗುವ ಜಾಗದಲ್ಲಿ ಆಪ್ತ ಗೆಳೆಯರಿದ್ದವರಿಗೆ ಬದುಕು ಹೆಚ್ಚು ತೃಪ್ತಿ ಕೊಟ್ಟಿದೆ, ಗೆಳೆಯರೇ ಇಲ್ಲದೆ ತಪ್ಪದೆ ಹೋಗಿಬಂದವರಿಗೆ ಆ ಲಾಭ ಕಾಣಲಿಲ್ಲ. ಇದನ್ನು ಚಿಕ್ಕಮ್ಮನಿಗೂ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ನೀನೇ ನೋಡಿದೆಯಲ್ಲ ಆಸ್ಪತ್ರೆಯಲ್ಲಿ. ಹನ್ನೊಂದು ದಿನ ಮಂಡ್ಯದಿಂದ ಮೈಸೂರಿಗೆ ಕ್ಯಾರಿಯರ್ ಹೊತ್ತು ತಂದವರು ನನ್ನ ಭಜನಾ ಮಂಡಳಿಯ ಹೆಂಗಸರು. ಉಪ್ಪಿಲ್ಲದ ಸೊಪ್ಪಿನ ಸಾರು, ಮೆತ್ತಗೆ ಕಿವುಚಿದ ಅನ್ನ, ನಿನಗೆ ಅಂತ ಬೇರೆ ಡಬ್ಬಿಯಲ್ಲಿ ಕೋಸಂಬರಿ. ರಕ್ತ ಬೇಕೆಂದಾಗ ಬೆಳಗಿನ ಆರು ಗಂಟೆಗೆ ಬಂದು ಸಾಲಾಗಿ ನಿಂತವರು ಅಪ್ಪನ ಹಳೆಯ ವಿದ್ಯಾರ್ಥಿಗಳು, ಅವರ ವಿಚಾರವಾದಿ ಗೆಳೆಯರು. ಆ ಎರಡು ಗುಂಪಿನವರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ನಮ್ಮ ಮಂಡಳಿಯ ಹಿರಿಯಾಕೆ ಆ ಹುಡುಗರಿಗೆ ಮೊಸರನ್ನ ಬಡಿಸುತ್ತಾ ನಿಮಗೆ ದೇವರು ಒಳ್ಳೆಯದು ಮಾಡಲಿ ಅಂದರು. ಅವರು ತಲೆತಗ್ಗಿಸಿ ಊಟ ಮಾಡಿದರು. ಆ ಹರಕೆಯನ್ನು ಯಾರೂ ತಿದ್ದಲಿಲ್ಲ. ನನಗೆ ಆ ಬೆಂಚಿನ ನೆನಪು ಬಂದಾಗಲೆಲ್ಲ ಗಂಟಲು ಕಟ್ಟುತ್ತದೆ.

ಅಪ್ಪ ನಾಸ್ತಿಕರಾದದ್ದು ಯಾರದೋ ಮೇಲಿನ ಸಿಟ್ಟಿಗಲ್ಲ ಎನ್ನುವುದನ್ನೂ ಹೇಳಬೇಕು, ನಮ್ಮ ಕಡೆಯವರು ಹಾಗೆ ತಿಳಿದಿದ್ದಾರೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದಾಗ ಇವರು ಹೈಸ್ಕೂಲು ಹುಡುಗ. ಪ್ರಶ್ನೆ ಕೇಳಿದರೆ ಯಾರೂ ಹೊಡೆಯಬಾರದು ಎನ್ನುವ ದೊಡ್ಡವರೂ ಇದ್ದಾರೆ ಅಂತ ಪೇಪರಿನಲ್ಲಿ ಓದಿ ಕುಣಿದಾಡಿದ್ದರಂತೆ. ಅದು ಸಂತೋಷದಿಂದಲೇ ಶುರುವಾದದ್ದು. ಇನ್ನು ನಮ್ಮ ಮದುವೆಗೆ ದಾರಿ ಹಾಕಿಕೊಟ್ಟ ಕುವೆಂಪು ಅವರನ್ನು ನೀನು ಯಾವ ಸಾಲಿಗೆ ಸೇರಿಸುತ್ತೀಯ? ಪುರೋಹಿತಶಾಹಿಯನ್ನು ಅಷ್ಟು ಕಟುವಾಗಿ ಖಂಡಿಸಿದವರು, ಯೌವನದ ವರ್ಷಗಳನ್ನು ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಕಳೆದು ಆ ಗುರುಗಳಿಗೆ ಕೊನೆಯವರೆಗೂ ನಡೆದುಕೊಂಡವರು.

ದಾರದ ವಿಷಯ. ಅಪ್ಪ ಎಚ್ಚರವಾದಾಗ ಅದನ್ನು ನೋಡಿದ್ದರು, ಏನೂ ಅನ್ನಲಿಲ್ಲ. ಮನೆಗೆ ಬಂದ ಮೇಲೂ ಅನ್ನಲಿಲ್ಲ. ಮೊನ್ನೆ ಗುರುವಾರ ನಾನೇ ಕೇಳಿದೆ, “ನಿಮ್ಮನ್ನ ಕೇಳದೇ ಕಟ್ಟಿದ್ದು ತಪ್ಪಾಯಿತು, ಬಿಚ್ಚಲಾ?” ಅಂತ. “ನೀನು ಅವತ್ತು ಹೆದರಿದ್ದೆ, ಕಟ್ಟುವಾಗ ಬೆರಳು ನಡುಗುತ್ತಿತ್ತು” ಅಂದರು. ಎಚ್ಚರವಾಗೇ ಇದ್ದರು ಪುಟ್ಟಿ. ಗೊತ್ತಿದ್ದೂ ಕೈ ಎಳೆದುಕೊಂಡಿರಲಿಲ್ಲ.

ಹೊಲಿಗೆಯ ಕತ್ತರಿಯಿಂದ ಕತ್ತರಿಸಿದೆ. ಒದ್ದೆಯಾಗಿ ಒಣಗಿ ಬಣ್ಣ ಬಿಟ್ಟಿತ್ತು. ತುಳಸಿಯ ಬುಡಕ್ಕೆ ಹಾಕಿದೆ, ಅವರು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು.

ಮುಂದಿನ ಶನಿವಾರ ಬಾ. ಬೆಳಗಿನ ರೈಲಿಗೇ ಬಾ, ಬಿಸಿಲಿಗೆ ಮುಂಚೆ ಅಪ್ಪನ ಜೊತೆ ನಾಲೆಯವರೆಗೂ ನಡೆಯಬಹುದು. ಡಾಕ್ಟರು ಎರಡು ಕಿಲೋಮೀಟರು ಅಂದಿದ್ದಾರೆ, ಇವರು ಮೂರು ನಡೆಯುತ್ತಾರೆ, ನನ್ನ ಮಾತು ಕೇಳುವುದಿಲ್ಲ. ರಾತ್ರಿ ತಾರಸಿಯಲ್ಲಿ ಚಾಪೆ ಹಾಕುತ್ತೇನೆ. ನೀನು ಖುಷಿಯಾಗಿರುವಾಗ ಅದು ಹೇಗಿರುತ್ತದೆ, ಎಲ್ಲಿಂದ ಬರುತ್ತದೆ ಅಂತ ನಾನು ಒಂದು ದಿನವೂ ಕೇಳಿಲ್ಲ, ನಾನೇ ಊಹಿಸಿಕೊಂಡು ಬಿಟ್ಟಿದ್ದೆ. ಆಗ ಹೇಳು, ನಡುವೆ ಬಾಯಿ ಹಾಕುವುದಿಲ್ಲ.

ಬರುವಾಗ ಅಪ್ಪನ ಹಳೆಯ ಕನ್ನಡಕದ ಡಬ್ಬಿ ನಿನ್ನ ಬ್ಯಾಗಿನಲ್ಲಿದೆಯಾ ನೋಡು, ಇಲ್ಲೆಲ್ಲೂ ಸಿಗುತ್ತಿಲ್ಲ.

ನಿನ್ನ,
ಅಮ್ಮ