ಟ್ಯಾಗ್ ತೆಗೆದರೆ ಫೋಟೊ ಹೋಗದು

ಮಾನ್ಯರೆ,

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ ಎಸೆಯುತ್ತಿದ್ದ ನನ್ನ ತಂಗಿಯ ಮಗಳ ಫೋಟೊವನ್ನು ಪರಿಚಯದವರೊಬ್ಬರು ಕೇಳದೆಯೇ ಫೇಸ್‌ಬುಕ್‌ಗೆ ಹಾಕಿ, ಅವಳ ಹೆಸರನ್ನೂ ಟ್ಯಾಗ್ ಮಾಡಿದ್ದರು. ಅದರ ಕೆಳಗೆ ಬಂದ ಕೀಳು ಮಾತುಗಳನ್ನು ಓದಿ ಹುಡುಗಿ ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಟ್ಯಾಗ್ ತೆಗೆದರೆ ನಮ್ಮ ಹೆಸರಿನ ಕೊಂಡಿ ಕಳಚುತ್ತದೆಯೇ ಹೊರತು, ಹಾಕಿದವರ ಖಾತೆಯಲ್ಲಿ ಚಿತ್ರ ಹಾಗೆಯೇ ಉಳಿಯುತ್ತದೆ ಎಂಬುದು ನಮಗೆ ತಿಳಿದದ್ದು ಆಮೇಲೆ. ಕೊನೆಗೆ ಅವರ ಮನೆಗೇ ಹೋಗಿ, ಎದುರಿಗೆ ಕುಳಿತು ಅಳಿಸಿಸಿದೆವು.

ನಾವೇ ಹಾಕಿದ ಫೋಟೊವನ್ನು ಕಸದ ಬುಟ್ಟಿಗೆ ಸರಿಸಿದರೂ ಅದು ಅಲ್ಲಿ 30 ದಿನ ಇರುತ್ತದೆ. ಬೇಗ ಹೋಗಬೇಕೆಂದರೆ ಅಲ್ಲಿಂದಲೂ ಅಳಿಸಬೇಕು. ಇತರರು ಹಾಕಿದ ಚಿತ್ರವನ್ನು ಅವರು ತೆಗೆಯದಿದ್ದರೆ ಅದೇ ಪೋಸ್ಟಿನ ಮೂರು ಚುಕ್ಕೆ ಒತ್ತಿ ವರದಿ ಮಾಡಬಹುದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಜಾಲತಾಣಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಲೇಬೇಕು. ಆದರೆ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಓದುವ ಎಷ್ಟು ಮಕ್ಕಳಿಗೆ ಇದು ಗೊತ್ತು? ಜಿಲ್ಲೆಯ ಪದವಿಪೂರ್ವ ಕಾಲೇಜುಗಳಲ್ಲಿ ವರ್ಷಾರಂಭದಲ್ಲೇ ಒಂದು ತರಗತಿಯನ್ನು ಇದಕ್ಕೆ ಮೀಸಲಿಟ್ಟು, ಮೊಬೈಲ್ ಹಿಡಿದೇ ತೋರಿಸಿಕೊಡುವಂತೆ ಶಿಕ್ಷಣ ಇಲಾಖೆಯ ಅಧಿಕಾರಿಗಳನ್ನು ಕಳಕಳಿಯಿಂದ ಕೋರುತ್ತೇನೆ.

– ನೊಂದ ಪೋಷಕರು, ಕೊಪ್ಪಳ