ಅಣ್ಣಾ, ಜೇನಿನ ಪೆಟ್ಟಿಗಿ ಈಗ ತಗೋಬ್ಯಾಡ

ಪ್ರೀತಿಯ ಅಣ್ಣಗ,

ಇಂಗ್ಲೆಂಡಿನ ಎಕ್ಸೆಟರ್‌ನಿಂದ ನಿನ್ನ ತಂಗಿ ಮಾಡೋ ನಮಸ್ಕಾರ. ಅಪ್ಪಗ ಅವ್ವಗ ಕಾಲಿಗೆ ಬಿದ್ದೀನಿ ಅಂತ ಹೇಳು. ಇಲ್ಲೆ ನಾವೆಲ್ಲಾ ಆರಾಮ ಅದೀವಿ, ಥಂಡಿ ಶುರು ಆಗೇತಿ ಅಷ್ಟ. ಮೊನ್ನಿ ಫೋನ್‌ನಾಗ ಸಬ್ಸಿಡಿ ಬಂದೈತಿ, ಮತ್ತ ಹತ್ತು ಜೇನಿನ ಪೆಟ್ಟಿಗಿ ತಗೋತೀನಿ ಅಂದ್ಯಲ್ಲ, ಆಗ ನಮ್ಮನಿಯವ್ರು ಊಟಕ್ಕ ಕುಂತಿದ್ರು, ಹುಡುಗಿ ಬ್ಯಾರೆ ಅಳಾಕತ್ತಿತ್ತು, ಮಾತು ಅರ್ಧಕ್ಕ ನಿಂತು. ಅದಕ್ಕ ಕುಂತು ಟೈಪ್ ಮಾಡಾಕತ್ತೀನಿ, ಉದ್ದ ಆಗ್ತೈತಿ, ನಿನಗ ಬ್ಯಾಸರ ಆದ್ರ ಸಣ್ಣವನ ಕೈಯಾಗ ಮೊಬೈಲ್ ಕೊಟ್ಟು ಓದಿಸ್ಕೋ, ಅವ್ವನೂ ಕೇಳ್ಲಿ.

ಪೆಟ್ಟಿಗಿ ಈಗ ತಗೋಬ್ಯಾಡ. ಮೊದಲ ಮಂದಿ ಕೂಡಿಸು, ಪೆಟ್ಟಿಗಿ ಆಮ್ಯಾಲ. ಯಾಕ ಅನ್ನೂದಕ್ಕ ಇಲ್ಲಿ ಸಂಘದ ಕಥಿ ಹೇಳ್ತೀನಿ ಕೇಳು.

ಬಾಜೂ ಮನಿ ಮುದುಕಿ ಜೇನ ಸಾಕ್ತಾಳ ಅಂತ ಹೇಳಿದ್ದೆ ನೋಡು, ಆಕಿನ ನನ್ನ ಕರ್ಕೊಂಡು ಹೋಗಿದ್ದು. ಇದು ಡೆವನ್ ಅನ್ನೋ ಜಿಲ್ಲಾ, ಇಲ್ಲೆ ಜೇನ ಸಾಕೋರು ಊರೂರಿಗೆ ಶಾಖಾ ಮಾಡ್ಕೊಂಡು ಕೂಡ್ತಾರ. ದೇಶಕ್ಕೊಂದು ದೊಡ್ಡ ಸಂಘ ಬ್ಯಾರೆ ಐತಿ, ಬ್ರಿಟಿಷ್ ಬೀಕೀಪರ್ಸ್ ಅಸೋಸಿಯೇಷನ್, 1874ರಾಗ ಶುರು ಆಗಿದ್ದು. ಅಕ್ಟೋಬರ್‌ದಿಂದ ಮಾರ್ಚ್ ತನಕ ಹುಳ ಪೆಟ್ಟಿಗಿ ಬಿಟ್ಟು ಹೊರಗ ಬರೂದು ಕಡಿಮಿ, ಡಿಸೆಂಬರ್‌ನಾಗ ನಾಕು ದಾಟೂದ್ರಾಗ ಕತ್ತಲಾಗಿರ್ತೈತಿ, ಹಂಗಾಗಿ ಆ ಟೈಮ್‌ನಾಗ ಊರ ಹಾಲ್‌ನಾಗ ಸಂಜೀ ಮೀಟಿಂಗ್, ಯಾರರ ಒಬ್ಬರು ಒಂದು ವಿಷಯ ತಗೊಂಡು ಮಾತಾಡ್ತಾರ, ಆಮ್ಯಾಲ ಚಹಾ, ಕೇಕು, ಲಾಟರಿ ಚೀಟಿ. ಏಪ್ರಿಲ್ ಆತಂದ್ರ ಹಾಲ್ ಬಿಟ್ಟು ಸಂಘದ್ದ ಪೆಟ್ಟಿಗಿ ಇಟ್ಟಿರೋ ತ್ವಾಟದಾಗ ಕೂಡ್ತಾರ, ಹೊಸಬರಿಗೆ ಅಲ್ಲೆ ಕೈಹಿಡದು ಕಲಸ್ತಾರ. ನಿನಗ ಟ್ರೇನಿಂಗ್ ಕೊಟ್ಟವ್ರು ಒಂದ ದಿನದಾಗ ಹಾರ ಹಾಕಿ ಫೋಟೋ ಹೊಡ್ಕೊಂಡು ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ರು. ಇಲ್ಲೆ ಒಂದು ಚಳಿಗಾಲ ಪೂರಾ ಪಾಠ ಕೇಳಿ, ಬ್ಯಾಸಗಿ ಪೂರಾ ಮತ್ತೊಬ್ಬರ ಪೆಟ್ಟಿಗಿ ಮುಂದ ನಿಂತು ನೋಡಿ, ಆಮ್ಯಾಲ ಸ್ವಂತದ್ದು ತಗೋ ಅಂತಾರ.

ಮೊದಲ ಹೋದ ಮೀಟಿಂಗ್‌ನಾಗ ಒಬ್ಬ ಬೀ ಇನ್ಸ್‌ಪೆಕ್ಟರ್ ಬಂದಿದ್ದ, ಸರ್ಕಾರದ ನ್ಯಾಷನಲ್ ಬೀ ಯೂನಿಟ್ ಕಡಿಂದ. ಫೌಲ್‌ಬ್ರೂಡ್ ಅಂತ ಒಂದು ರೋಗ ಐತಿ, ಮರಿ ಕೊಳತು ಹೋಗೋ ರೋಗ. ಅದನ್ನ ಹೆಂಗ ಕಂಡುಹಿಡೀಬೇಕು ಅಂತ ವಿಡಿಯೋ ತೋರ್ಸಿದ. ಮುಚ್ಚಿದ ಗೂಡಿನ ಮುಚ್ಚಳ ಒಳಗ ತಗ್ಗಾಗಿರ್ತೈತಿ, ಸಣ್ಣ ತೂತ ಬಿದ್ದಿರ್ತೈತಿ, ಅದರಾಗ ಬೆಂಕಿಕಡ್ಡಿ ಚುಚ್ಚಿ ತಿರುವಿ ಮೆಲ್ಲಕ ಎಳದ್ರ ಬೆಲ್ಲದ ಪಾಕದಂಗ ಕಂದು ಬಣ್ಣದ ಎಳಿ ಬರ್ತೈತಿ. ಅಮೇರಿಕನ್ ಫೌಲ್‌ಬ್ರೂಡ್ ಆದ್ರ ಔಷಧಾನ ಇಲ್ಲ, ಕುಣಿ ತೋಡಿ ಹುಳ ಎರಿ ಎಲ್ಲಾ ಸುಡೂದ, ಯಾಕಂದ್ರ ಆ ರೋಗದ ಬೀಜಾಣು 40 ವರ್ಷ ಆದ್ರೂ ಸಾಯಂಗಿಲ್ಲ. ಅನುಮಾನ ಬಂದ್ರ ತಿಳಸಲೇಬೇಕು ಅಂತ ಕಾನೂನ ಐತಿ. ಅಲ್ಲೆ ಕುಂತಿದ್ದ ಒಬ್ಬ ಮುದುಕ ಎದ್ದು ನಿಂತು ನನ್ನವೂ ಸುಟ್ಟಾರ ಅಂತ ಹೇಳಿದ, ಯಾವ ತಿಂಗಳು, ಹಳೇ ಫ್ರೇಮ್ ಎಲ್ಲಿಂದ ತಂದಿದ್ದೆ, ಮೊದಲ ಏನ್ ಕಂಡಿತ್ತು, ಎಲ್ಲಾ ಬಿಚ್ಚಿ ಹೇಳಿದ. ಮಂದಿ ನಗಲಿಲ್ಲ, ನೋಟ್‌ಬುಕ್‌ನಾಗ ಬರಕೊಂಡ್ರು.

ನನಗ ಆಗ ನಿನ್ನ ಪೆಟ್ಟಿಗಿ ನೆನಪಾದ್ವು ಅಣ್ಣಾ. ನಿನ್ನ ಹುಳ ಖಾಲಿ ಆದ ವರ್ಷನ ಕೆಳಗಿನ ಓಣಿ ಕಾಕಾಂದೂ ಖಾಲಿ ಆಗಿದ್ವು, ಆದ್ರ ನೀ ಅವರಿಗೆ ಹೇಳಲಿಲ್ಲ, ಅವ್ರು ನಿನಗ ಹೇಳಲಿಲ್ಲ, ಮಂದಿ ಏನಂತಾರ ಅಂತ. ಇಬ್ರೂ ಕೂಡಿ ಎರಿ ಬಿಚ್ಚಿ ನೋಡಿದ್ರ ಮೇಣದ ಹುಳ ಬಿದ್ದಿತ್ತೋ, ಹೊಲಕ್ಕ ಹೊಡದ ಔಷಧಕ್ಕ ಸತ್ತಿದ್ವೋ, ಹೂ ಇಲ್ಲದ್ದಕ್ಕ ಎದ್ದು ಹೋಗಿದ್ವೋ ಅಷ್ಟರ ಗೊತ್ತಾಗ್ತಿತ್ತು.

ಇನ್ನೊಂದು ಸಲ ವರೋವಾ ಅನ್ನೋ ನುಸಿ ಬಗ್ಗೆ. ಹುಳದ ಮೈಗೆ ಅಂಟ್ಕೊಂಡು ಕುಂದಿರೋ ಕೆಂಪು ನುಸಿ, ಇಂಗ್ಲೆಂಡಿನಾಗ ಮೊದಲ ಸಿಕ್ಕಿದ್ದ ಈ ಡೆವನ್‌ನಾಗ, 1992ಕ್ಕ. ಅರ್ಧ ಕಪ್ಪು ಹುಳ ಬಾಟಲಿಗೆ ಹಾಕಿ, ಮ್ಯಾಲ ಜಾಳಿಗಿ ಕಟ್ಟಿ, ಸಕ್ಕರಿ ಪುಡಿ ಉದುರಿಸಿ ಉರುಳಾಡಿಸ್ತಾರ, ಆಮ್ಯಾಲ ಬಿಳಿ ತಾಟಿನ ಮ್ಯಾಲ ಬೋರಲು ಹಾಕಿ ಝಾಡಿಸಿದ್ರ ಸಕ್ಕರಿ ಜೊತಿಗೆ ನುಸಿ ಉದುರ್ತಾವ, ಎಣಿಸೂದು. ಹುಳ ಸಾಯಂಗಿಲ್ಲ, ಬೆಳ್ಳಗ ಹಿಟ್ಟ ಬಡಕೊಂಡು ಸಿಟ್ಟೀಲೆ ವಾಪಸ್ ಪೆಟ್ಟಿಗಿಗೆ ಹೊಕ್ಕಾವ! ಮಜಾ ಏನಂದ್ರ ಆ ನುಸಿ ಮೂಲ ನಮ್ಮ ತುಡವಿ ಜೇನಿಂದು. ನಮ್ಮ ಹುಳ ಅದನ್ನ ತಡಕೊಂಡು, ಮೈಯಿಂದ ಕಿತ್ತು ಒಗದು, ಸಾವಿರಾರು ವರ್ಷ ಬಾಳೇವು ಮಾಡ್ಯಾವ, ಇವರ ಮೆಲ್ಲಿಫೆರಾ ಅನ್ನೋ ಯುರೋಪಿನ ಜೇನಿಗೆ ಆ ವಿದ್ಯಾ ಬರಂಗಿಲ್ಲ. ನಮ್ಮ ತುಡವಿಗೆ ಕಾಟ ಕೊಟ್ಟಿದ್ದು ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ಮರಿ ಸಾಯಿಸೋ ವೈರಸ್, 1991–92ರ ಸುಮಾರಿಗೆ ಕೊಡಗು, ಮಲೆನಾಡು ಕಡೆ ಪೆಟ್ಟಿಗಿ ಪೆಟ್ಟಿಗಿನ ಖಾಲಿ ಆಗಿದ್ವು. ಇದನ್ನ ಹೇಳಿದ್ದಕ್ಕ ಮುಂದಿನ ಸಲ ನಿಮ್ಮ ಕಡೆ ಹುಳದ ಬಗ್ಗೆ ನೀನ ಮಾತಾಡು ಅಂದುಬಿಟ್ರು. ಹೆಜ್ಜೇನು, ತುಡವಿ, ಕೋಲ್ಜೇನು, ಮುಜಂಟಿ ಅಂತ ನಾಕು ಫೋಟೋ ಹಾಕಿ ನನಗ ಬಂದ ಇಂಗ್ಲಿಷ್‌ನಾಗ ಹೇಳಿದೆ. ಹೆಜ್ಜೇನು ಪೆಟ್ಟಿಗಿ ಇಲ್ಲ ಪೊಟರಿ ಇಲ್ಲ, ಬಯಲಾಗ ಒಂದ ಎರಿ ಕಟ್ಟಿ ಜೋತು ಬೀಳ್ತೈತಿ ಅಂದ್ರ ನಂಬಾಕ ತಯಾರಿಲ್ಲ ಮಂದಿ, ನಮ್ಮೂರ ನೀರಿನ ಟ್ಯಾಂಕಿಂದ ಫೋಟೋ ತೋರ್ಸಿದ ಮ್ಯಾಲ ಬಾಯಿ ತಗದ್ರು.

ಅಪ್ಪಗ ಇದೊಂದು ಹೇಳು. ಇಲ್ಲೆ ಬಕ್‌ಫಾಸ್ಟ್ ಅಂತ ಕ್ರಿಶ್ಚನ್ ಮಠ ಐತಿ, ಅಲ್ಲಿ ಬ್ರದರ್ ಆಡಮ್ ಅನ್ನೋ ಸನ್ಯಾಸಿ ಸಣ್ಣ ಹುಡುಗ ಇದ್ದಾಗ 1910ರಾಗ ಜರ್ಮನಿಯಿಂದ ಬಂದಾವ. ಆಗಿನ ಒಂದು ರೋಗಕ್ಕ ಮಠದ 46 ಗೂಡಿನಾಗ 16 ಅಷ್ಟ ಉಳದ್ವು. ಉಳದ ಹುಳ ಯಾಕ ಉಳದ್ವು ಅಂತ ಹಿಂದ ಬಿದ್ದು, ಊರೂರು ದೇಶದೇಶ ತಿರುಗಿ ರಾಣಿ ತಂದು ತಳಿ ಕೂಡಿಸಿ ಬಕ್‌ಫಾಸ್ಟ್ ಜೇನು ಅಂತ ಮಾಡಿದ, 1996ರಾಗ 98ನೇ ವಯಸ್ಸಿಗೆ ತೀರಿಕೊಂಡ. ನಮ್ಮ ಕಡೆ ಮಠದಾಗೂ ಇಂಥಾ ಹುಚ್ಚು ಹಿಡಿದ ಸ್ವಾಮಿಗೋಳು ಒಬ್ಬರು ಇದ್ರ ಚಲೋ ಇತ್ತು ಅಂತ ಅಪ್ಪ ಅಂತಾರ ನೋಡು.

ಜೇನುತುಪ್ಪದ ಸ್ಪರ್ಧಾ ನಡೀತೈತಿ, ಅದನ್ನ ಜಾಸ್ತಿ ಹೇಳಂಗಿಲ್ಲ. ಜಡ್ಜ್ ಟಾರ್ಚ್ ಹಿಡದು ಬಾಟಲಿಯಾಗ ಕೂದಲೆಳಿ ಹುಡುಕ್ತಾನ, ನನಗಂತೂ ಅತೀ ಅನಸ್ತು.

ಈಗ ನಮ್ಮ ಇಂಡಿ ಕಡೆ ಮಾತಿಗೆ ಬಾ. ನೀ ಒಬ್ಬನ ಶಾಣ್ಯಾ ಆಗಿ ಹೂ ಇರೋ ಟೈಮ್‌ನಾಗ ಔಷಧ ಹೊಡಿಯಂಗಿಲ್ಲ, ಹೊಡದ್ರೂ ಹೊತ್ತು ಮುಣಿಗಿದ ಮ್ಯಾಲ ಅಂತ ಇಟ್ಕೋ. ಬಾಜೂ ದಾಳಿಂಬಿ ತ್ವಾಟದವ ಮುಂಜಾನಿ ಹತ್ತಕ್ಕ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಹೊಡದ್ರ ಎಲ್ಲಾ ಮುಗೀತು, ಹುಳಕ್ಕ ನಿನ್ನ ಬದುವು ಗೊತ್ತಿಲ್ಲ. ತುಡವಿ ಒಂದು ಕಿಲೋಮೀಟರ್ ಸಲೀಸ ಹೋಗ್ತೈತಿ, ಮೆಲ್ಲಿಫೆರಾ ಮೂರರ ತನಕ. ಅಷ್ಟು ಸುತ್ತಿನಾಗ ಎಷ್ಟು ಮಂದಿ ಹೊಲ ಬರ್ತಾವ ಲೆಕ್ಕ ಹಾಕು. ಯುರೋಪಿನಾಗ 2018ಕ್ಕ ಆ ಔಷಧ ಬಯಲ ಹೊಲಕ್ಕ ಹಾಕೂದ ಬಂದ್ ಮಾಡ್ಯಾರ, ನಮ್ಮಲ್ಲಿ ಅಂಗಡಿಯವ ಕೈಗೆ ಕೊಟ್ಟಿದ್ದ ಔಷಧ ಆಗೇತಿ. ಅದಕ್ಕ ನಾ ಹೇಳೂದು, ಲಿಂಬಿಯವ್ರು, ದಾಳಿಂಬಿಯವ್ರು, ಸೂರ್ಯಕಾಂತಿ, ಉಳ್ಳಾಗಡ್ಡಿ ಬೀಜ ಮಾಡೋರು, ಎಂಟತ್ತು ಮಂದಿ ಕೂಡ್ರಿ. ಹೊಡಿಯೋ ಹಿಂದಿನ ದಿನ ಒಬ್ಬರಿಗೊಬ್ಬರು ಫೋನ್ ಮಾಡೂದು ಅಂತ ಒಂದ ಮಾತಾದ್ರ ಸಾಕು ಮೊದಲ ವರ್ಷಕ್ಕ. ಹಿಟ್ಟಿನಹಳ್ಳಿ ಕೃಷಿ ಕಾಲೇಜಿಗೆ ಹೋಗಿ ಕೀಟಶಾಸ್ತ್ರದವ್ರನ್ನ ಒಂದಿನ ಕರಿ, ಬಾಗಲಕೋಟಿ ತೋಟಗಾರಿಕಿ ಯುನಿವರ್ಸಿಟಿಗೂ ಕೇಳು. ಹಾರ ತುರಾಯಿ ಬ್ಯಾಡ, ಹೊಲದಾಗ ಪೆಟ್ಟಿಗಿ ಬಿಚ್ಚಿ ತೋರ್ಸ್ರಿ ಅನ್ನು.

ಕಾಕಾಂದು ಉಳದಿದ್ದ ಎರಡು ಪೆಟ್ಟಿಗಿ ಇನ್ನೂ ಅದಾವಂತ ವೈನಿ ಹೇಳಿದ್ರು. ಅವನ್ನ ಎಲ್ಲರೂ ಕೂಡಿ ನೋಡ್ರಿ, ಕಲಿಯಾಕ ಅವ ಸಾಕು. ಬೇವಿನ ಗಿಡದ ಬುಡಕ್ಕ ಇಡ್ರಿ, ಕಾಲಿಗೆ ನೀರಿನ ಬಟ್ಟಲಾ ಇಡ್ರಿ ಇರಬಿ ಏರದಂಗ, ಏಪ್ರಿಲ್ ಬಿಸಲಿಗೆ ಮ್ಯಾಲ ಹಸಿ ಗೋಣಿತಟ್ಟು ಹಾಕಿ, ಕುಡಿಯಾಕ ಪರಾತದಾಗ ನೀರು, ಮುಳುಗಿ ಸಾಯದಂಗ ನಡಕ ಹಳ್ಳು. ಇಲ್ಲಿಯವ್ರಿಗೆ ಬಿಸಲಿನ ಚಿಂತಿ ಇಲ್ಲ, ಅದನ್ನ ನಾವ ಕಲೀಬೇಕು.

ದೀಪಾವಳಿಗೆ ಬರಾಕ ಆಗೂದಿಲ್ಲ, ಟಿಕೆಟ್ ರೇಟ್ ಕೇಳಿದ್ರ ಎದಿ ಒಡೀತೈತಿ. ಸಂಕ್ರಾಂತಿಗೆ ನೋಡೂನು. ಬರ್ತಾ ಮುಖಕ್ಕ ಹಾಕೋ ಜಾಳಿಗಿ ಟೊಪಗಿ ಎರಡು ತರ್ತೀನಿ, ಒಂದು ಕಾಕಾಗ. ಮೀಟಿಂಗ್ ಯಾವ ದಿನ ಇಟ್ಟೀರಿ ತಿಳಿಸು, ನಿಮ್ಮ ಸಂಜೀ ಆರು ಅಂದ್ರ ನಮಗ ಮಧ್ಯಾಹ್ನ, ವಿಡಿಯೋ ಕಾಲ್‌ನಾಗ ಬರ್ತೀನಿ. ವೈನಿಗೆ ಹೇಳು, ಶೇಂಗಾ ಚಟ್ನಿ ಮುಗದೈತಿ, ಯಾರರ ಈ ಕಡೆ ಬರೋರಿದ್ರ ಕೊಟ್ಟು ಕಳಸಾಕ. ಅವ್ವನ ಮೊಣಕಾಲಿಗೆ ಡಾಕ್ಟರ್ ಕೊಟ್ಟ ಗುಳಿಗಿ ತಗೊಳ್ಳಾಕತ್ತಾಳೋ ಇಲ್ಲೋ ಖರೇ ಹೇಳು, ಆಕಿ ನನ್ನ ಮುಂದ ಹೂಂ ಅಂತಾಳ ಅಷ್ಟ.

ನಿನ್ನ ತಂಗಿ